ಪದಚರ್ಚೆ: ‘ಇಳಿದ ಬೆಲೆ’ ಏರಿದರೆ ಏನನ್ನಬೇಕು?

ಬಳಗದವರಿಗೆ ನಮಸ್ಕಾರ.

ಹುಬ್ಬಳ್ಳಿ ಕಡೆಯ ಪೈಪು ವ್ಯಾಪಾರಿಗಳು, ಸಣ್ಣ ಕಾರ್ಖಾನೆಯವರು ಓದುವ ಪೇಟೆ ಟಿಪ್ಪಣಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಪಿವಿಸಿ, ಪಾಲಿಥಿನ್, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕಚ್ಚಾ ಮಾಲುಗಳ ಆಮದು ಎಷ್ಟು, ಬೆಲೆ ಎತ್ತ ಹೊರಟಿದೆ ಎಂಬುದೇ ಅದರ ವಿಷಯ. ಮೂರ್ನಾಲ್ಕು ಪದಗಳು ಪ್ರತಿಸಲವೂ ಅಡ್ಡ ಬರುತ್ತವೆ. ಹೆಚ್ಚು ಕಾಡುವುದು ಒಂದು. ಅದನ್ನು ಮೊದಲು ಕೇಳಿಬಿಡುತ್ತೇನೆ.

ಲ್ಯಾಂಡೆಡ್ ಪ್ರೈಸ್. ಹಡಗಿನಲ್ಲಿ ಬಂದ ಮಾಲು ಸುಂಕ, ಬಂದರಿನ ಖರ್ಚು ಎಲ್ಲ ಸೇರಿ ನಮ್ಮ ಕೈಗೆ ಎಷ್ಟರಲ್ಲಿ ಸಿಕ್ಕಿತು ಎಂಬ ಲೆಕ್ಕ ಅದು. ಪದಕ್ಕೆ ಪದ ಇಟ್ಟರೆ ‘ಇಳಿದ ಬೆಲೆ’ ಆಗುತ್ತದೆ. ಹಡಗಿನಿಂದ ಮಾಲು ಇಳಿಯುತ್ತದೆ ತಾನೇ, ತಪ್ಪೇನು ಅನ್ನಿಸಬಹುದು. ಆದರೆ ಮುಂದಿನ ವಾಕ್ಯದಲ್ಲೇ ‘ಪಿವಿಸಿಯ ಇಳಿದ ಬೆಲೆ ಏರಿದೆ’ ಎಂದು ಬರೆಯಬೇಕಾಗುತ್ತದೆ. ಓದಿದವನು ಟಿಪ್ಪಣಿಯನ್ನು ಮಡಚಿ ಇಡುತ್ತಾನೆ.

ಇದು ಬರೀ ತಮಾಷೆಯಲ್ಲ. ಒಂದು ಲೆಕ್ಕ ಹಾಕಿ ನೋಡಿ, ದರಗಳು ಉದಾಹರಣೆಗಷ್ಟೇ. ವಿಮೆ, ಹಡಗು ಬಾಡಿಗೆ ಸೇರಿ ನಮ್ಮ ಬಂದರಿನಲ್ಲಿ ಪಿವಿಸಿ ಟನ್ನಿಗೆ 800 ಡಾಲರ್ ಅನ್ನೋಣ. ಆಮದು ಸುಂಕ ಶೇ 7.5, ಅಂದರೆ 60 ಡಾಲರ್. ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜು, 6 ಡಾಲರ್. ಒಟ್ಟು 866. ಡಾಲರಿಗೆ 85 ರೂಪಾಯಿ ಹಿಡಿದರೆ ಟನ್ನಿಗೆ 73,610, ಕಿಲೋಗೆ 73 ರೂಪಾಯಿ 61 ಪೈಸೆ. ಶೇ 18ರ ಜಿಎಸ್‌ಟಿ ಮುಂದೆ ಕ್ರೆಡಿಟ್ ಆಗಿ ವಾಪಸು ಬರುವುದರಿಂದ ವ್ಯಾಪಾರಿ ಅದನ್ನು ಇಲ್ಲಿ ಹಿಡಿಯುವುದಿಲ್ಲ. ಈಗ ಬೆಲೆ 5 ಡಾಲರ್ ಕಡಿಮೆಯಾಗಿ 795ಕ್ಕೆ ಬಂತು, ಅದೇ ಹೊತ್ತಿಗೆ ಡಾಲರ್ 86 ರೂಪಾಯಿ ಆಯಿತು ಅನ್ನಿ. ಅದೇ ಲೆಕ್ಕ ಮತ್ತೆ ಹಾಕಿದರೆ ಟನ್ನಿಗೆ 74,010 ಬರುತ್ತದೆ. ಬೆಲೆ ಇಳಿಯಿತು, ‘ಇಳಿದ ಬೆಲೆ’ ಏರಿತು. ಇದನ್ನು ಕನ್ನಡದಲ್ಲಿ ಹಲ್ಲು ಕಿರಿಯದೆ ಹೇಳಲು ಒಂದು ಪದ ಬೇಕು.

ಅದೂ ಮೂಲೆಯಲ್ಲಿ ಬಿದ್ದಿರುವ ಪದವಲ್ಲ, ಇಡೀ ಪೇಟೆ ಅದರ ಮೇಲೆ ನಿಂತಿದೆ. ದೇಶದಲ್ಲಿ ಖರ್ಚಾಗುವ ಪಿವಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು: ಚೀನಾ, ತೈವಾನ್, ಜಪಾನ್, ದಕ್ಷಿಣ ಕೊರಿಯಾ, ಅಮೆರಿಕ. ತೈವಾನಿನ ಫಾರ್ಮೋಸಾ ಕಂಪನಿ ಪ್ರತಿ ತಿಂಗಳು ಭಾರತಕ್ಕೆ ಬೆಲೆ ಹೇಳುತ್ತದೆ, ಅದನ್ನು ನೋಡಿ ಉಳಿದವರು ತಮ್ಮ ಬೆಲೆ ಹೊಂದಿಸಿಕೊಳ್ಳುತ್ತಾರೆ. ನಮ್ಮಲ್ಲೇ ತಯಾರಿಸುವವರು ಕೂಡ ಆಮದು ಮಾಲು ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂಬುದನ್ನು ನೋಡಿಕೊಂಡೇ ತಮ್ಮ ದರಪಟ್ಟಿ ಹೊರಡಿಸುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಕೂತು ಪೈಪು ಮಾಡುವವನಿಗೆ ಟಿಪ್ಪಣಿಯಲ್ಲಿ ಬೇಕಾದದ್ದು ಈ ಒಂದು ಸಂಖ್ಯೆ. ಉಳಿದದ್ದೆಲ್ಲ ಅವನು ಚಹಾ ಕುಡಿಯುತ್ತ ಓದುವಂಥದ್ದು.

ಬೇರೆ ಪದ ಹುಡುಕಿದೆ. ‘ಭೂಸ್ಪರ್ಶ ಬೆಲೆ’ ಅಂದರೆ ವಿಮಾನ ನೆನಪಾಗುತ್ತದೆ. ‘ಧಕ್ಕೆ ಬೆಲೆ’ ಮಂಗಳೂರಿನವರಿಗೆ ಥಟ್ಟನೆ ತಿಳಿದೀತು, ಅಲ್ಲಿ ಧಕ್ಕೆ ಎಂದರೆ ದೋಣಿ ಹಡಗು ನಿಲ್ಲುವ ಜಾಗ; ಇಲ್ಲಿ ಧಕ್ಕೆ ಎಂದರೆ ಪೆಟ್ಟು. ‘ಮುಟ್ಟು ಬೆಲೆ’ ಬೇಡವೇ ಬೇಡ. ‘ಬಂದರು ಬೆಲೆ’ ಸೊಗಸಾಗಿದೆ, ಆದರೆ ಸುಂಕ ಕಟ್ಟುವ ಮೊದಲಿನದೋ ಆಮೇಲಿನದೋ ಎಂಬುದು ಅದರಿಂದ ತಿಳಿಯುವುದಿಲ್ಲ. ಇಡೀ ಗೊಂದಲ ಇರುವುದೇ ಅಲ್ಲಿ.

ಹಾಗಾದರೆ ಪೇಟೆಯ ಮಂದಿ ಏನನ್ನುತ್ತಾರೆ? ಅವರು ನಾಮಪದದ ಗೊಡವೆಗೇ ಹೋಗುವುದಿಲ್ಲ.

“ಈ ಮಾಲು ನಿಮಗ ಎಷ್ಟಕ್ಕ ಬಿತ್ರಿ?”
“ಎಲ್ಲಾ ಸೇರಿ ಎಪ್ಪತ್ತಾರಕ್ಕ ಬಿತ್ತು ನೋಡ್ರಿ.”

ಇಲ್ಲಿ ‘ಬಿತ್ತು’ ಎಂದರೆ ತಗಲಿತು. ಸುಂಕ, ಏಜೆಂಟನ ಖರ್ಚು, ಲಾರಿ ಬಾಡಿಗೆ, ಹಮಾಲಿ ಎಲ್ಲವನ್ನೂ ಆ ಒಂದು ಕ್ರಿಯಾಪದ ನುಂಗಿಕೊಂಡಿದೆ. ಲ್ಯಾಂಡೆಡ್ ಪ್ರೈಸ್ ಎಂದರೆ ಇದೇ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೋದಾಮಿನ ಬಾಗಿಲವರೆಗೆ. ಆದರೆ ಅದೇ ಅಂಗಡಿಯಲ್ಲಿ, ಅದೇ ಮನುಷ್ಯ, ಮುಂದಿನ ವಾರ “ರೇಟ್ ಎಪ್ಪತ್ತಾರಕ್ಕ ಬಿತ್ರಿ” ಅಂದರೆ ದರ ಕುಸಿದು ಎಪ್ಪತ್ತಾರಕ್ಕೆ ಬಂತು ಎಂದರ್ಥ. ವಿಭಕ್ತಿ ಅದೇ, ಕ್ರಿಯಾಪದ ಅದೇ. ಬಿದ್ದದ್ದು ಮಾಲೋ ರೇಟೋ ಎಂಬುದರ ಮೇಲೆ ಅರ್ಥ ತಿರುಗುತ್ತದೆ. ಮಾತಿನಲ್ಲಿ ಯಾರೂ ಎಡವುವುದಿಲ್ಲ. ಇದನ್ನೇ ನಾಮಪದ ಮಾಡಹೊರಟು ‘ಬಿದ್ದ ಬೆಲೆ’ ಅಂದರೆ ಕೆಟ್ಟಿತು, ಯಾಕೆಂದರೆ ಕರ್ತೃವೇ ಬೆಲೆಯಾಗಿಬಿಡುತ್ತದೆ. ‘ಇಳಿದ ಬೆಲೆ’ಯ ರೋಗವೂ ಇದೇ: ಇಳಿದದ್ದು ಮಾಲು, ನಾವು ಇಳಿಸಿದ್ದು ಬೆಲೆಯನ್ನು.

ಇನ್ನೊಂದು ಕ್ರಿಯಾಪದವೂ ಇದೆ, ಅದು ಇನ್ನೂ ಗಟ್ಟಿ: ಗಿಟ್ಟು. ‘ಇಂಪೋರ್ಟ್ ಪ್ಯಾರಿಟಿ ಈಸ್ ನಾಟ್ ವರ್ಕಬಲ್’ (ತರಿಸಿದರೆ ಇಲ್ಲಿಯ ದರಕ್ಕೆ ಹೊಂದುವುದಿಲ್ಲ) ಎಂದು ವರದಿಗಾರರು ಬರೆಯುವುದನ್ನು “ಹೊರಗಿನ ಮಾಲು ಗಿಟ್ಟಂಗಿಲ್ಲ” ಎಂದು ಮೂರೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ಟಿಪ್ಪಣಿಯಲ್ಲಿ ನಾನು ಇದನ್ನು ‘ಆಮದು ಗಿಟ್ಟುತ್ತಿಲ್ಲ’ ಎಂದೇ ಬರೆಯುತ್ತಿದ್ದೇನೆ, ಯಾರೂ ತಕರಾರು ತೆಗೆದಿಲ್ಲ. ‘ಆಮದು ಸಮಾನತೆ ಕಾರ್ಯಸಾಧ್ಯವಲ್ಲ’ ಎಂಬಂಥ ವಾಕ್ಯ ಬರೆಯುವವರ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ.

ಆದರೂ ಕೋಷ್ಟಕದ ತಲೆಯ ಮೇಲೆ ಕ್ರಿಯಾಪದ ಕೂರಿಸಲಾಗದು, ಅಲ್ಲಿ ನಾಮಪದವೇ ಬೇಕು. ಸದ್ಯಕ್ಕೆ ನನ್ನ ಒಲವು ‘ಆಮದು ಅಸಲು’ ಕಡೆಗೆ. ಆಮದು ಪಾರಸಿಯಿಂದ ಬಂದದ್ದು, ಅಲ್ಲಿ ಅದರ ಅರ್ಥವೇ ‘ಬಂದದ್ದು’ (ರಫ್ತು ಎಂದರೆ ‘ಹೋದದ್ದು’). ಬಂದದ್ದು ಎಂದಮೇಲೆ ಇಳಿದದ್ದನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಅಸಲು ಅಂದರೆ ಲಾಭ ಸೇರಿಸುವ ಮೊದಲು ಕೈಯಿಂದ ಹೋದ ಹಣ. ‘ಅಸಲಿಗೆ ಮೋಸ ಆಗಲಿಲ್ಲ’ ಎಂಬ ಮಾತು ಎಲ್ಲ ಅಂಗಡಿಯಲ್ಲೂ ಕೇಳುತ್ತದೆ. ಒಂದೇ ತೊಡಕು: ಅಸಲಿ–ನಕಲಿಯ ನೆರಳು. ಮರುಬಳಕೆಯ ಮಾಲನ್ನು ವರ್ಜಿನ್, ಅಂದರೆ ಹೊಚ್ಚ ಹೊಸದು, ಎಂದು ದಾಟಿಸುವವರು ಇರುವ ಪೇಟೆಯಲ್ಲಿ ‘ಆಮದು ಅಸಲು’ ಎಂಬುದನ್ನು ‘ಅಪ್ಪಟ ಆಮದು ಮಾಲು’ ಎಂದು ಓದಿಕೊಳ್ಳುವವರೂ ಇದ್ದಾರು. ‘ಆಮದು ಅಸಲು ದರ’ ಅಂದರೆ ಸರಿಹೋದೀತೇ? ಬಳಗದಲ್ಲಿ ಲೆಕ್ಕಪತ್ರ ಬಲ್ಲವರು ಹೇಳಬೇಕು.

ಎರಡನೆಯದು, ತೇಜಿ–ಮಂದಿ: ದರ ಏರಿದರೆ ತೇಜಿ, ಪೇಟೆ ತಣ್ಣಗಾದರೆ ಮಂದಿ. ಹಿಂದಿ, ಮರಾಠಿ ವ್ಯಾಪಾರಿಗಳ ಮೂಲಕ ಬಂದ ಈ ಜೋಡಿ ಹುಬ್ಬಳ್ಳಿ ಪೇಟೆಯಲ್ಲಿ ಬೇರು ಬಿಟ್ಟಿದೆ. ತೊಂದರೆ ಏನೆಂದರೆ ನಮ್ಮ ಕಡೆ ಮಂದಿ ಎಂದರೆ ಜನ. “ಪೇಟ್ಯಾಗ ಮಂದಿ ಐತಿ” ಅಂದರೆ ವ್ಯಾಪಾರ ಇಲ್ಲ, “ಪೇಟ್ಯಾಗ ಮಂದಿ ಅದಾರ” ಅಂದರೆ ವ್ಯಾಪಾರ ಜೋರು. ಐತಿ–ಅದಾರಗಳಷ್ಟೇ ನಮ್ಮನ್ನು ಕಾಯುತ್ತಿವೆ. ತೇಜಿಗೂ ಕನ್ನಡದಲ್ಲಿ ಕುದುರೆಯ ಅರ್ಥವಿದೆ, ಅದು ಓಡುವ ಪ್ರಾಣಿಯಾದ್ದರಿಂದ ಯಾರಿಗೂ ತೊಂದರೆಯಿಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಸ್ಸಿನಲ್ಲಿ ಹಿಮ ಬಿದ್ದು ಕಾರ್ಖಾನೆಗಳು ನಿಂತು, ಜಗತ್ತಿನಲ್ಲೆಲ್ಲ ರೆಸಿನ್ನಿಗೆ (ಪ್ಲಾಸ್ಟಿಕ್ಕಿನ ಕಚ್ಚಾ ಮಾಲಿಗೆ) ಅಭಾವವಾಗಿ ದರ ಏರಿದ್ದಕ್ಕೆ ‘ತೇಜಿ’ಗಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಮಂದಿಗೆ ಮಾತ್ರ ಬರಹದಲ್ಲಿ ‘ಮಂದ’, ‘ಮಂದಗತಿ’ ಮಾಡಿಕೊಳ್ಳುತ್ತಿದ್ದೇನೆ. ಮುಂಗಾರಿನ ತಿಂಗಳುಗಳಿಗೆ ಅದು ಒಗ್ಗುತ್ತದೆ: ಮಳೆ ಹಿಡಿದ ಮೇಲೆ ಹೊಲದಲ್ಲಿ ಪೈಪು ಹೂಳುವವರಿಲ್ಲ, ಕಟ್ಟಡದ ಕೆಲಸವೂ ತಗ್ಗುತ್ತದೆ, ಫೆಬ್ರುವರಿಯಿಂದ ಮೇವರೆಗೆ ಓಡಿದ ಮಾಲು ಜುಲೈನಲ್ಲಿ ಗೋದಾಮಿನಲ್ಲೇ ಕೂರುತ್ತದೆ. ಅದಕ್ಕೆ ಇಲ್ಲಿಯವರ ಮಾತು “ಉಠಾವ್ ಇಲ್ಲ”. ‘ಮೃದು ಮಾರುಕಟ್ಟೆ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ದರ ಗಟ್ಟಿ ಇದೆ, ಸಡಿಲಾಗಿದೆ ಅನ್ನಬಹುದು, ಮೃದುವಾಗುವುದು ಹೋಳಿಗೆ.

‘ಇಂಪೋರ್ಟ್ ಡಿಮ್ಯಾಂಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಆಮದು ಬೇಡಿಕೆ’ ಅಂದರೆ ಬೇಡಿಕೆಯನ್ನೇ ಹಡಗಿನಲ್ಲಿ ತರಿಸಿದಂತಿದೆ. ‘ಆಮದು ಮಾಲಿಗೆ ಬೇಡಿಕೆ’ ಎಂದು ಬಿಡಿಸಿ ಬರೆದರೆ ಆಯಿತು.

ಇನ್ನು ರೆಸಿನ್. ಕೆಲವರು ಇದನ್ನು ‘ಪ್ಲಾಸ್ಟಿಕ್ ರಾಳ’ ಎಂದು ಬರೆಯುತ್ತಿದ್ದಾರೆ. ರಾಳ ಎಂದರೆ ನಮಗೆ ಮರದ ಅಂಟು, ಕೆಂಡದ ಮೇಲೆ ಹಾಕಿದರೆ ಹೊಗೆಯಾಡುವುದು, ಬಯಲಾಟದಲ್ಲಿ ರಕ್ಕಸ ಬರುವಾಗ ಪಂಜಿಗೆ ಎರಚಿದರೆ ಭಗ್ ಎನ್ನುವುದು. ಸಂಸ್ಕೃತದ ‘ರಾಲ’ವೂ ಸಾಲವೃಕ್ಷದ ಅಂಟೇ. ಹಾಗಂತ ‘ಪ್ಲಾಸ್ಟಿಕ್ ರಾಳ’ವನ್ನು ತೀರಾ ತಪ್ಪು ಅನ್ನಲಾರೆ. ಇಂಗ್ಲಿಷಿನಲ್ಲೂ ರೆಸಿನ್ ಮೊದಲು ಮರದ್ದೇ ಆಗಿತ್ತು. 1907ರಲ್ಲಿ ರಸಾಯನಶಾಸ್ತ್ರಜ್ಞ ಬೇಕ್‌ಲಂಡ್ ಬೇಕಲೈಟ್ ಎಂಬ ಪ್ಲಾಸ್ಟಿಕ್ ಮಾಡಿದಾಗ ಆತ ಹುಡುಕುತ್ತಿದ್ದದ್ದು ಅರಗಿಗೆ ಬದಲಿಯನ್ನು. ಕೈಗೆ ಬಂದ ವಸ್ತು ನೋಡಲು ಅಂಥದ್ದೇ ಇದ್ದದ್ದರಿಂದ ಹಳೆಯ ಹೆಸರು ಹೊಸದಕ್ಕೆ ಅಂಟಿಕೊಂಡಿತು. ನಾವೂ ಅದೇ ದಾರಿಯಲ್ಲಿ ರಾಳವನ್ನು ಎಳೆಯಬಹುದು, ಪಠ್ಯಪುಸ್ತಕಕ್ಕೆ ಅದು ಸಲ್ಲುತ್ತದೆ ಕೂಡ.

ಪೇಟೆಯಲ್ಲಿ ಮಾತ್ರ ಅದು ನಡೆಯದು ಎಂಬುದು ನನ್ನ ತೀರ್ಮಾನ. ಚೀಲ ಬಿಚ್ಚಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಇಪ್ಪತ್ತೈದು ಕಿಲೋದ ಪಾಲಿಥಿನ್ ಚೀಲದಲ್ಲಿರುವುದು ಹಾಲುಬಿಳಿಯ ಸಣ್ಣ ಗುಂಡು, ಮೂರ್ನಾಲ್ಕು ಮಿಲಿಮೀಟರು, ಬೊಗಸೆಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿ ಹೋಗುತ್ತದೆ. ಅದಕ್ಕೆ ಎಲ್ಲರೂ ‘ದಾಣಾ’ ಅನ್ನುತ್ತಾರೆ. ಪಾಲಿಪ್ರೊಪಿಲೀನೂ ದಾಣಾನೇ; ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಘಟಕ 2015ರಲ್ಲಿ ಶುರುವಾಗಿರುವುದರಿಂದ ಅದಕ್ಕೆ ಸಮುದ್ರದಾಚೆ ನೋಡುವ ಗರಜು ಪಿವಿಸಿಯಷ್ಟಿಲ್ಲ. ಪಿವಿಸಿ ಚೀಲ ಬಿಚ್ಚಿದರೆ ದಾಣಾ ಇಲ್ಲ, ನುಣ್ಣನೆ ಬಿಳಿ ಪುಡಿ. ಪೈಪಿನವರು ಅದನ್ನು ‘ಪೌಡರ್’ ಅನ್ನುತ್ತಾರೆ, ಇನ್ನೂ ಖಚಿತ ಬೇಕಾದರೆ ‘ಸಿಕ್ಸ್ಟಿಸೆವೆನ್’ ಅನ್ನುತ್ತಾರೆ, ಅಂದರೆ ಕೆ-67 ದರ್ಜೆ, ಪೈಪಿಗೆ ಒಪ್ಪುವುದು. ಫಿಟಿಂಗಿಗೆ ಕೆ-57. ಒಂದು ಕಡೆ ಕಾಳು, ಒಂದು ಕಡೆ ಹಿಟ್ಟು. ಎರಡನ್ನೂ ಒಟ್ಟಿಗೆ ಕರೆಯಬೇಕಾದಾಗ ಟಿಪ್ಪಣಿಯಲ್ಲಿ ‘ರೆಸಿನ್’ ಎಂದೇ ಉಳಿಸಿ, ಬಿಡಿಬಿಡಿಯಾಗಿ ಬರುವಾಗ ದಾಣಾ, ಪೌಡರ್ ಎನ್ನುತ್ತಿದ್ದೇನೆ. ‘ಗುಳಿಗೆ’ ಎಂದು ತಿದ್ದಲು ಒಬ್ಬರು ಸೂಚಿಸಿದ್ದರು. ಔಷಧದಂಗಡಿ ಬಿಟ್ಟು ಆಚೆ ಆ ಪದ ಕಾಲಿಡುವುದಿಲ್ಲ.

ಬಳಗಕ್ಕೆ ಕೇಳುವುದು ಇಷ್ಟು. ‘ಆಮದು ಅಸಲು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೋ ಗದಗಿನ ಅಡತಿ ಅಂಗಡಿಗಳಲ್ಲೋ ಎಲ್ಲ ಖರ್ಚು ಸೇರಿದ ದರಕ್ಕೆ ಬೇರೆಯೇ ಒಂದು ನಾಮಪದ ಇದೆಯೇ? ಹಿಂದಿಯವರ ‘ಪಡತಾ’ ಆ ಕಡೆ ಯಾರ ಬಾಯಲ್ಲಾದರೂ ಕೇಳಿದ್ದರೆ, ಯಾವ ವಾಕ್ಯದಲ್ಲಿ ಬಂತು ಎಂಬುದನ್ನು ಹಾಗೆಯೇ ಬರೆದು ಕಳಿಸಿ. ಕರಾವಳಿಯವರು ಇನ್ನೊಂದು ಹೇಳಬೇಕು: ಹಡಗು ದಡ ಸೇರುವ ಮೊದಲೇ, ಮಾಲು ಇನ್ನೂ ನೀರಿನ ಮೇಲಿರುವಾಗ ಕೈ ಬದಲಾಗುವ ವ್ಯಾಪಾರಕ್ಕೆ ಇಲ್ಲಿ ‘ಹೈ ಸೀ’ ಅನ್ನುತ್ತಾರೆ. ‘ನಡುಗಡಲ ಮಾರಾಟ’ ಎಂದು ಬರೆದಿದ್ದೇನೆ, ನಿಮ್ಮಲ್ಲಿ ಅದಕ್ಕೆ ಬಳಕೆಯ ಮಾತು ಯಾವುದು?