ಪ್ರವಾಸೋದ್ಯಮ ಅಧ್ಯಯನ: ಶಾಸ್ತ್ರವೋ, ಎರವಲು ಸರಕೋ?

ಸಮಸ್ಯೆ: ಪ್ರವಾಸೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಮುಗಿದಿದೆ. ಚಿತ್ರದುರ್ಗದ ಕೋಟೆಯ ಮೇಲೆ ಪಿಎಚ್.ಡಿ. ಮಾಡುವಾಸೆ. ‘ಅದೂ ಒಂದು ಶಾಸ್ತ್ರವೇನ್ರೀ? ಭೂಗೋಳಕ್ಕೋ ಕಾಮರ್ಸ್‌ಗೋ ಸೇರಿ’ ಎನ್ನುವವರಿಗೆ ಏನು ಹೇಳಲಿ?
– ಓದುಗಿ, ದಾವಣಗೆರೆ

ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಇದು ಸ್ವತಂತ್ರ ಶಾಸ್ತ್ರವಲ್ಲ, ಹಲವು ಶಾಸ್ತ್ರಗಳು ಬಂದು ಕೂಡುವ ಕ್ಷೇತ್ರ ಎಂದು ಪ್ರವಾಸೋದ್ಯಮ ವಿದ್ವಾಂಸ ಜಾನ್ ಟ್ರೈಬ್ 1997ರಲ್ಲೇ ವಾದಿಸಿದ್ದಾರೆ. ನಮ್ಮ ಪರಿಕಲ್ಪನೆಗಳನ್ನೇ ನೋಡಿ, ಎರವಲು ತಂದವು: ‘ಧಾರಣ ಸಾಮರ್ಥ್ಯ’ (ಒಂದು ತಾಣ ಎಷ್ಟು ಜನರನ್ನು ತಾಳಬಲ್ಲದು ಎಂಬುದು) ಹುಲ್ಲುಗಾವಲಿಗೆ ಎಷ್ಟು ದನ ಬಿಡಬಹುದೆಂಬ ಲೆಕ್ಕದಿಂದ ಬಂದದ್ದು; ‘ಗುಣಕ’ (ಪ್ರವಾಸಿಯ ಒಂದು ರೂಪಾಯಿ ಊರೊಳಗೆ ಕೈ ಬದಲಿಸುತ್ತ ಎಷ್ಟಾಗುತ್ತದೆಂಬ ಲೆಕ್ಕ) ಅರ್ಥಶಾಸ್ತ್ರದ್ದು; ಭೂಗೋಳಜ್ಞ ಬಟ್ಲರ್ 1980ರಲ್ಲಿ ಕೊಟ್ಟ, ತಾಣ ಬೆಳೆದು ಇಳಿಯುವ ಜೀವನಚಕ್ರಕ್ಕೆ ಮಾರುಕಟ್ಟೆಯ ಸರಕಿನ ಜೀವನಚಕ್ರವೇ ಮೂಲ. ಆದರೆ ಸಂಶೋಧಕ ನೀಲ್ ಲೈಪರ್ 1979ರಲ್ಲಿ ಕೊಟ್ಟ ಚೌಕಟ್ಟು ಪ್ರವಾಸೋದ್ಯಮಕ್ಕೆಂದೇ ಕಟ್ಟಿದ್ದು. ಪ್ರವಾಸಿ, ಹೊರಡುವ ಊರು, ನಡುವಿನ ದಾರಿ, ತಲುಪುವ ತಾಣ, ಉದ್ಯಮ – ಐದನ್ನೂ ಒಂದೇ ವ್ಯವಸ್ಥೆಯಾಗಿ ನೋಡುವ ಕೆಲಸ ಇನ್ನಾವ ವಿಭಾಗದ್ದೂ ಅಲ್ಲ. ನಿಮ್ಮ ಪ್ರಶ್ನೆ ಈ ಐದರಲ್ಲಿ ಎರಡನ್ನಾದರೂ ಜೋಡಿಸದಿದ್ದರೆ, ಭೂಗೋಳಕ್ಕೆ ಹೋಗುವುದೇ ವಾಸಿ.
– ಓದುಗರು, ಹರಿಹರ

ಶಾಸ್ತ್ರವೋ ಅಲ್ಲವೋ ಎಂಬ ಜಗಳ ಬಿಡಿ, ಎಣಿಕೆಗೆ ಇಳಿಯಿರಿ. ವಿಶ್ವಸಂಸ್ಥೆಯ ವ್ಯಾಖ್ಯೆಯಂತೆ ತನ್ನ ವಾಡಿಕೆಯ ಪರಿಸರ, ಅಂದರೆ ದಿನನಿತ್ಯ ಓಡಾಡುವ ಜಾಗ ಬಿಟ್ಟು, ವರ್ಷಕ್ಕಿಂತ ಕಡಿಮೆ ಕಾಲಕ್ಕೆ, ಅಲ್ಲಿ ಸಂಬಳದ ಕೆಲಸಕ್ಕಲ್ಲದೆ ಬಂದವನೇ ಸಂದರ್ಶಕ. ಬಂದ ಊರಲ್ಲಿ ರಾತ್ರಿ ತಂಗಿದರೆ ಮಾತ್ರ ಪ್ರವಾಸಿ. ದಾವಣಗೆರೆಯ ಲಾಡ್ಜ್‌ನಲ್ಲಿ ಉಳಿದು ಕೋಟೆ ನೋಡಿ ಮರಳುವವನು ಚಿತ್ರದುರ್ಗಕ್ಕೆ ಹಗಲಿನ ಸಂದರ್ಶಕನಷ್ಟೇ. ಚಿತ್ರದುರ್ಗದ ಲಾಡ್ಜ್ ರಿಜಿಸ್ಟರಿನಲ್ಲಿ ಅವನಿಲ್ಲ. ಬೆಳಿಗ್ಗೆ ವಾಕಿಂಗ್‌ಗೆ ಕೋಟೆ ಹತ್ತುವ ಊರಿನವರು ಸಂದರ್ಶಕರೇ ಅಲ್ಲ. ಟಿಕೆಟ್ ಲೆಕ್ಕವೊಂದನ್ನೇ ನಂಬಿದರೆ ಇದ್ಯಾವುದೂ ಬೇರ್ಪಡುವುದಿಲ್ಲ. ಬಾಗಿಲಲ್ಲಿ ಮೂರು ಪ್ರಶ್ನೆ ಸಾಕು: ನಿನ್ನೆ ರಾತ್ರಿ ಎಲ್ಲಿದ್ದಿರಿ, ಇವತ್ತು ಎಲ್ಲಿ ಉಳಿಯುತ್ತೀರಿ, ತಿಂಗಳಿಗೆ ಎಷ್ಟು ಸಲ ಬರುತ್ತೀರಿ.

ಧಾರಣ ಸಾಮರ್ಥ್ಯದ ಸೂತ್ರ ಸುಲಭ. ಜಾಗ 200 ಚದರ ಮೀಟರ್, ತಲೆಗೆ 4 ಚದರ ಮೀಟರ್ ಎಂದುಕೊಳ್ಳಿ: ಒಮ್ಮೆಗೆ 50 ಜನ. ಎಂಟು ಗಂಟೆ ತೆರೆದಿದ್ದು ಒಬ್ಬೊಬ್ಬರು ಅರ್ಧ ಗಂಟೆ ನಿಂತರೆ 16 ಸರದಿ, ದಿನಕ್ಕೆ 800. ಎಡವುವುದು ಇಲ್ಲೇ. ಜನ ದಿನವಿಡೀ ಸಮನಾಗಿ ಬರುವುದಿಲ್ಲ, ಶಾಲಾ ಪ್ರವಾಸದ ಬಸ್ಸುಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಅದಕ್ಕೇ 15 ನಿಮಿಷಕ್ಕೊಮ್ಮೆ ಒಳಹೊರಗು ಎಣಿಸಿ. ವಾರದ ದಿನ, ಭಾನುವಾರ, ಸಾಲು ರಜೆ ಮೂರನ್ನೂ ಹಿಡಿಯಿರಿ. ಕೋಟೆಯ ಇಡೀ ವಿಸ್ತೀರ್ಣವನ್ನು ಸೂತ್ರಕ್ಕೆ ಹಾಕಬೇಡಿ. ಬಂಡೆ, ಪೊದೆಗಳನ್ನೆಲ್ಲ ಸೇರಿಸಿದ ಆ ಅಂಕಿ ಯಾರಿಗೂ ಬೇಡ. ಓಬವ್ವನ ಕಿಂಡಿಯ ಮುಂದೆ ನಿಂತ ಸಾಲು ಎಷ್ಟು ಉದ್ದ, ಎಷ್ಟು ನಿಮಿಷಕ್ಕೆ ಕರಗಿತು, ಅದನ್ನು ಬರೆದುಕೊಳ್ಳಿ. ಮಿತಿ ಹಾಕುವುದು ಇಕ್ಕಟ್ಟಾದ ಜಾಗ.
– ಓದುಗರು, ಚಿತ್ರದುರ್ಗ

ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ‘ಪ್ರವಾಸೋದ್ಯಮ ಆಡಳಿತ ಮತ್ತು ನಿರ್ವಹಣೆ’ ಪ್ರತ್ಯೇಕ ವಿಷಯವಾಗಿಯೇ ಇದೆ. ಕೇಳಿದವರಿಗೆ ಅಷ್ಟು ಹೇಳಿ ಸುಮ್ಮನಾಗಿ. ನೋಂದಣಿಗೆ ಮುಂಚೆ ನಿಮ್ಮ ಮಾರ್ಗದರ್ಶಕರು ಯಾವ ವಿಭಾಗದಲ್ಲಿ ಮಾನ್ಯತೆ ಪಡೆದವರೆಂದು ವಿಚಾರಿಸಿ. ಅದು ಬೇರೆ ವಿಭಾಗವಾಗಿದ್ದು ಪದವಿಪತ್ರದಲ್ಲೂ ಅದರ ಹೆಸರೇ ಬಂದರೆ, ನಾಳೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ತಕರಾರು ಏಳಬಹುದು.
– ಓದುಗರು, ದಾವಣಗೆರೆ