ಆರ್ಚ್‌ಬಿಷಪ್ ರೊಮೆರೊ ಕಾರ್ಟರ್‌ಗೆ ಬರೆದ ಪತ್ರ

ಪ್ರಶ್ನೆ:
ಮಧ್ಯ ಅಮೆರಿಕದ ದೇಶ ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ 1980ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ ಪತ್ರ ಬರೆದಿದ್ದರು ಅಂತ ಓದಿದೆ. ಅದರಲ್ಲಿ ಏನು ಕೇಳಿದ್ದರು? ಅದರಿಂದ ಏನಾದರೂ ಆಯಿತಾ?

ಉತ್ತರ 1:
ಫೆಬ್ರವರಿ 17ರ ಪತ್ರ ಅದು. ಎಲ್ ಸಾಲ್ವಡಾರ್‌ನ ಸೇನೆಗೆ ಸಹಾಯ ಕೊಡಬೇಡಿ, ನಮ್ಮ ದೇಶದ ವಿಷಯದಲ್ಲಿ ಒತ್ತಡ ಹಾಕಬೇಡಿ, ಇಷ್ಟೇ ಬೇಡಿಕೆ. ನನಗೆ ತುಂಬಾ ಹಿಡಿಸಿದ್ದು ಅವರು ವಿವರಕ್ಕೆ ಇಳಿದ ರೀತಿ. ಸುಮ್ನೆ ಶಾಂತಿ ಅಂತ ಬರೆಯದೆ, ಹಿಂದಿನ ನವೆಂಬರ್‌ನಲ್ಲಿ ಅಮೆರಿಕದಿಂದ ಬಂದ 2 ಲಕ್ಷ ಡಾಲರ್ ಮೌಲ್ಯದ ಗ್ಯಾಸ್ ಮಾಸ್ಕ್, ಗುಂಡು ನಿರೋಧಕ ಜಾಕೆಟ್‌ಗಳನ್ನು ಹೆಸರಿಸಿ, ಅವು ಬಂದ ಮೇಲೆ ಜನರ ಮೇಲಿನ ದಬ್ಬಾಳಿಕೆ ಇನ್ನೂ ಜಾಸ್ತಿ ಆಯಿತು ಅಂತ ನೇರವಾಗಿ ಬರೆದರು. ನೀವು ಕ್ರೈಸ್ತರು, ಮಾನವ ಹಕ್ಕುಗಳ ಪರ ಮಾತಾಡುವವರು ಅಂತಲೂ ನೆನಪಿಸಿದರು. ಕಳಿಸುವ ಮೊದಲು ಭಾನುವಾರದ ಪೂಜೆಯಲ್ಲಿ ಜನರ ಮುಂದೆ ಓದಿದರು, ಜನ ಚಪ್ಪಾಳೆ ತಟ್ಟಿದರು.

ಉತ್ತರ 2:
ಸಹಾಯ ನಿಲ್ಲಲಿಲ್ಲ. ವಿದೇಶಾಂಗ ಕಾರ್ಯದರ್ಶಿ ಸೈರಸ್ ವಾನ್ಸ್ ಕಡೆಯಿಂದ ಉತ್ತರ ಬಂತು, ಅಷ್ಟೇ. ಮಾರ್ಚ್ 24ರಂದು ಪೂಜೆ ಮಾಡುತ್ತಿದ್ದಾಗಲೇ ರೊಮೆರೊ ಅವರನ್ನು ಗುಂಡಿಕ್ಕಿ ಕೊಂದರು. ಆಮೇಲಿನ ಅಂತರ್ಯುದ್ಧ 1992ರವರೆಗೆ ನಡೆದು ಸುಮಾರು 75,000 ಜನ ಸತ್ತರು.

ಪ್ರಶ್ನೆ ಕೇಳಿದವರು:
ಧನ್ಯವಾದ. ಧರ್ಮಗುರುಗಳಿಗೆ ರಾಜಕೀಯ ಯಾಕೆ ಅನ್ನುವವರು ಆಗಲೂ ಇದ್ದರು ಅಲ್ವಾ?

ಉತ್ತರ 1:
ಇದ್ದರು, ಬಿಷಪ್‌ಗಳಲ್ಲೇ ಇದ್ದರು. ರೊಮೆರೊ ಕೂಡ ಮೊದಲಿನಿಂದ ಹೀಗೆ ನೇರವಾಗಿ ಮಾತಾಡುವವರಾಗಿರಲಿಲ್ಲ. 1977ರಲ್ಲಿ ಗೆಳೆಯ, ಪಾದ್ರಿ ರುಟಿಲಿಯೊ ಗ್ರಾಂಡೆ ಅವರ ಕೊಲೆಯಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 2018ರಲ್ಲಿ ಅದೇ ಕ್ಯಾಥೋಲಿಕ್ ಚರ್ಚ್ ರೊಮೆರೊ ಅವರನ್ನು ಸಂತ ಎಂದು ಘೋಷಿಸಿತು.