ಪುಟ್ಟಿ, ಮೊದಲು ಕ್ರಾಸ್ ನೋಡಿಸು

ಪುಟ್ಟಿ, ಮಾವ ಮಾತಾಡುತ್ತಿದ್ದೇನೆ. ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಅಷ್ಟು ಸಣ್ಣ ಅಕ್ಷರ ಒತ್ತುವುದಕ್ಕೆ ನನ್ನ ಕಣ್ಣಲ್ಲಿ ಆಗುವುದಿಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಉದ್ದ ಆಗುತ್ತದೆ. ಮಧ್ಯದಲ್ಲಿ ನಿಲ್ಲಿಸಬೇಡ, ಪೂರ್ತಿ ಕೇಳು. ನಿನ್ನ ಮಗ ಬರುವ ತಿಂಗಳು ಥಾರ್ ಗಾಡಿ ತೆಗೆದುಕೊಂಡು ಲಡಾಖ್‌ಗೆ ಹೊರಟಿದ್ದಾನೆ. ಗ್ಯಾರೇಜಿನವರು ಗಟ್ಟಿ ಆಕ್ಸಲ್ ಹಾಕಿಸಿ, ಒಂದು ಚಕ್ರ ಜಾರಿದರೂ ಎರಡೂ ಒಟ್ಟಿಗೆ ತಿರುಗುವಂತೆ ಮಾಡುವ ಲಾಕರ್ ಹಾಕಿಸಿ, ಇಲ್ಲದಿದ್ದರೆ ದಾರಿಯಲ್ಲಿ ಮುರಿಯುತ್ತದೆ ಅಂತ ಒಂದೂವರೆ ಲಕ್ಷ ಹೇಳಿದ್ದಾರೆ. ‘ಹಾಕಿಸಲೇಬೇಕಾ ಮಾವ, ನನಗೆ ನಿದ್ದೆ ಬರುತ್ತಿಲ್ಲ’ ಅಂತ ಕೇಳಿದ್ದೀಯ.

ಬಿಸಿಲೆ ಘಾಟಿಯ ದಿನ ನಿನಗೆ ನೆನಪಿರಬೇಕಲ್ಲ? ನೀನೂ ಜೀಪಿನ ಹಿಂದೆಯೇ ಕೂತಿದ್ದೆ. 1994ನೇ ಇಸವಿ. ನೀನು ಆಗ ಒಂಬತ್ತನೇ ಕ್ಲಾಸು. ಸುಬ್ರಹ್ಮಣ್ಯದಲ್ಲಿ ಪೂಜೆ ಮುಗಿಸಿ ವಾಪಸ್ ಬರುತ್ತಿದ್ದೆವು. ಒಂಬತ್ತು ಜನ, ಎರಡು ಮೂಟೆ ತೆಂಗಿನಕಾಯಿ, ಮೇಲೆ ಮಳೆ. ಆಗಿನ ಬಿಸಿಲೆ ರಸ್ತೆ ಹೇಗಿತ್ತು ಅಂತ ಈಗಿನವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ನೀವೆಲ್ಲ ಇಷ್ಟು ವರ್ಷ ಅದನ್ನು ‘ಜೀಪು ಹಿಂದಕ್ಕೆ ಜಾರಿದ ಕಥೆ’ ಅಂತ ಹೇಳಿಕೊಂಡು ಬಂದಿದ್ದೀರಿ. ಜಾರಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಇವತ್ತು ಹೇಳುತ್ತೇನೆ.

ಆ ಮೇ ತಿಂಗಳಲ್ಲಿ ತೋಟದೊಳಗೆ ಮರ ಎಳೆಯುವಾಗ ಹಿಂದಿನ ಆಕ್ಸಲ್ ಮುರಿದಿತ್ತು. ನಾನು ಹಾಸನದಲ್ಲಿ ಒಂದು ಗ್ಯಾರೇಜಿಗೆ ಕೊಟ್ಟು ಒಳ್ಳೆಯ ಗಟ್ಟಿ ಆಕ್ಸಲ್ ಹಾಕಿಸಿದೆ. ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂದುಕೊಂಡೆ. ಅವತ್ತೇ ಕೆಳಗೆ ಬಗ್ಗಿ ಗ್ಯಾರೇಜಿನವರಿಗೆ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಕ್ರಾಸ್ ತೋರಿಸಿದ್ದೆ. ಇಂಜಿನ್ನಿನ ಎಳೆತವನ್ನು ಆಕ್ಸಲಿಗೆ ಒಯ್ಯುವ ಉದ್ದ ಕಂಬಿಯೇ ಆ ಶಾಫ್ಟು, ಅದರ ತುದಿ ಬಾಗಿದರೂ ತಿರುಗುವಂತೆ ಮಾಡುವ ಪ್ಲಸ್ ಆಕಾರದ ಜಾಯಿಂಟೇ ಕ್ರಾಸು. ಕ್ರಾಸಿನ ತುದಿಯ ಬಟ್ಟಲಿನ ಸುತ್ತ ಕೆಂಪು ಪುಡಿ ಕೂತಿತ್ತು. ‘ಇನ್ನೂ ಒಂದು ವರ್ಷ ಓಡುತ್ತೆ ಸಾರ್’ ಅಂದರು. ಆ ಕೆಂಪು ಪುಡಿ ಏನು ಗೊತ್ತಾ? ಒಳಗೆ ಗ್ರೀಸ್ ಒಣಗಿ, ಸೂಜಿಯಂಥ ಬೇರಿಂಗುಗಳು ತುಕ್ಕು ಹಿಡಿದು ಅರೆದು ಬಂದ ಪುಡಿ. ಆಮೇಲೆ ಒಂದು ತಿಂಗಳು ಕ್ಲಚ್ ಬಿಡುವಾಗೆಲ್ಲ ಕೆಳಗಿನಿಂದ ‘ಕಟ್’ ಅಂತ ಒಂದು ಸದ್ದು ಬರುತ್ತಿತ್ತು. ರಿವರ್ಸ್ ಹಾಕಿದರೆ ಇನ್ನೊಂದು ‘ಕಟ್’. ನಾನು ಕೇಳಿಸಿಕೊಂಡೂ ಬಿಟ್ಟೆ.

ಆಕ್ಸಲ್ ಗಟ್ಟಿಯಾಯಿತು. ಮೊದಲು ಜಾಸ್ತಿ ಭಾರ ಬಿದ್ದಾಗ ಆಕ್ಸಲ್ ಮುರಿಯುತ್ತಿತ್ತು. ಈಗ ಅದು ಮುರಿಯುವುದಿಲ್ಲ, ಆದರೆ ಭಾರ ಎಲ್ಲಿಗೂ ಹೋಗಲಿಲ್ಲವಲ್ಲ. ಪಕ್ಕದಲ್ಲಿ ಯಾವುದು ಸೋತಿದೆಯೋ ಅದನ್ನು ಹುಡುಕಿಕೊಂಡು ಹೋಯಿತು. ಬಿಸಿಲೆಯ ಆ ತಿರುವಿನಲ್ಲಿ, ಫಸ್ಟ್ ಗೇರಿನಲ್ಲಿ, ಕ್ರಾಸ್ ಒಡೆಯಿತು. ಶಾಫ್ಟಿನ ಹಿಂದಿನ ತುದಿ ಕಳಚಿ ಕೆಳಗೆ ಬಡಿದಾಡಿತು. ಹಾಗೆ ಬಡಿದಾಡುತ್ತಾ ಹಿಂದಿನ ಬ್ರೇಕ್ ಪೈಪನ್ನೂ ಹರಿದುಹಾಕಿತು.

ಬ್ರೇಕ್ ಒತ್ತಿದೆ, ಪೆಡಲ್ ನೆಲಕ್ಕೆ ಹೋಯಿತು. ಆ ಹಳೆ ಜೀಪಿನಲ್ಲಿ ಮುಂದೆ ಹಿಂದೆ ಎರಡಕ್ಕೂ ಒಂದೇ ಲೈನು. ಹ್ಯಾಂಡ್ ಬ್ರೇಕ್ ಎಳೆದೆ, ಅದೂ ಹಿಡಿಯಲಿಲ್ಲ. ಯಾಕೆ ಗೊತ್ತಾ? ಆ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರಲಿಲ್ಲ. ಎಳೆತವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಹೊರಡುವ ಜಾಗದಲ್ಲಿ ಇತ್ತು. ಶಾಫ್ಟೇ ಕಳಚಿದ ಮೇಲೆ ಅದು ಹಿಡಿಯುವುದು ಏನನ್ನು? ಗೇರಿನಲ್ಲಿ ಇಟ್ಟರೂ ಅಷ್ಟೇ. ಮುಂದಿನ ಚಕ್ರಕ್ಕೆ ಫೋರ್ ವೀಲ್ ಎಳೆದಿದ್ದರೆ ನಿಲ್ಲುತ್ತಿತ್ತು. ಆ ಕ್ಷಣಕ್ಕೆ ನನ್ನ ಕೈಗೆ ಅದು ಹೊಳೆಯಲಿಲ್ಲ. ಜೀಪು ಹಿಂದಕ್ಕೆ ಹೊರಟಿತು. ಎಡಗಡೆ ಕಣಿವೆ. ನಿನ್ನ ಅಮ್ಮ, ನನ್ನ ಅಕ್ಕ, ಸೀರೆ ಎತ್ತಿ ಕಟ್ಟಿಕೊಂಡು ಕೆಳಗೆ ಹಾರಿದಳು. ರಸ್ತೆ ಪಕ್ಕದ ಕಲ್ಲು ಎತ್ತಿ ಹಿಂದಿನ ಟೈರಿಗೆ ಕೊಟ್ಟಳು. ಮೊದಲನೇ ಕಲ್ಲು ಕೆಸರಲ್ಲಿ ಜಾರಿತು. ಎರಡನೆಯದು ನಿಂತಿತು. ಭಾವ ಕಲ್ಲು ಕೊಟ್ಟರು ಅಂತ ಎಲ್ಲ ಮದುವೆಮನೆಯಲ್ಲೂ ಹೇಳುತ್ತಾರೆ. ಅಲ್ಲ. ಕೊಟ್ಟಿದ್ದು ಅಕ್ಕ. ನಾನು ಕನ್ನಡಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ಆಮೇಲೆ ಶಾಫ್ಟ್ ಬಿಚ್ಚಿ ಒಳಗೆ ಹಾಕಿದೆವು. ಹರಿದ ಪೈಪನ್ನು ಮಡಚಿ ಕಲ್ಲಲ್ಲಿ ಜಜ್ಜಿ ಮುಚ್ಚಿ, ಬ್ರೇಕ್ ಆಯಿಲ್ ತುಂಬಿದೆವು. ಫೋರ್ ವೀಲ್ ಹಾಕಿ ಬರೀ ಮುಂದಿನ ಚಕ್ರದ ಎಳೆತದಲ್ಲಿ ಘಾಟಿ ಹತ್ತಿಸಿದೆ. ನೀವೆಲ್ಲ ಮಳೆಯಲ್ಲಿ ನಡೆದೇ ಬಂದಿರಿ.

ಅದಕ್ಕೇ ಪುಟ್ಟಿ, ಗಟ್ಟಿ ಮಾಡಿಸುವ ಮೊದಲು ಸಡಿಲ ಆಗಿರುವುದನ್ನು ನೋಡಿಸು. ಮೊದಲು ಕ್ರಾಸ್.

ಆ ಜೀಪು ಅಷ್ಟೆಲ್ಲ ಆದ ಮೇಲೂ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ದುಡಿಯಿತು. ಪ್ರತಿ ಶನಿವಾರ ನಾನೇ ಕೆಳಗೆ ಮಲಗಿ ಗ್ರೀಸ್ ಹೊಡೆಯುತ್ತಿದ್ದೆ. ಅಪ್ಪನನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಅದರಲ್ಲೇ. ನಿನ್ನ ಮದುವೆಗೆ ಚಪ್ಪರದ ಬಿದಿರು ತಂದಿದ್ದೂ ಅದೇ. 2008ರಲ್ಲಿ ನಾನು ಕಣ್ಣಿನ ಆಪರೇಷನ್ ಅಂತ ಮೈಸೂರಿನಲ್ಲಿದ್ದೆ, ಹತ್ತು ದಿನ. ವಾಪಸ್ ಬಂದರೆ ಶೆಡ್ ಖಾಲಿ. ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಟ್ಟಿದ್ದರು. ಒಂದು ಫೋನ್ ಮಾಡಲಿಲ್ಲ. ತಮ್ಮ ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ದುಡ್ಡಿನ ವಿಷಯ ಅಲ್ಲ ಇದು. ಹಿಸ್ಸೆ ಆದಾಗ ತೋಟದ ಯಾವ ಭಾಗ ಕೊಟ್ಟರೂ ನಾನು ಬಾಯಿ ಬಿಡಲಿಲ್ಲ, ಅದು ಅವನಿಗೂ ಗೊತ್ತು. ಆದರೆ ಆ ಜೀಪನ್ನು ಕೇಳದೆ ಕೊಡಬಾರದಿತ್ತು. ಸ್ಟೀರಿಂಗ್ ಆದರೂ ತೆಗೆದು ಇಟ್ಟುಕೊಳ್ಳುತ್ತಿದ್ದೆ. ಇವತ್ತಿಗೂ ಮಳೆಗಾಲದಲ್ಲಿ ಆ ಶೆಡ್ ಕಡೆ ಹೋಗುವುದಕ್ಕೆ ಮನಸ್ಸಾಗುವುದಿಲ್ಲ. ಅಕ್ಕ ಇದ್ದಿದ್ದರೆ ಕೊಡಲು ಬಿಡುತ್ತಿರಲಿಲ್ಲ.

ಇರಲಿ. ನೀನು ಕೇಳಿದ್ದು ಹುಡುಗನ ಗಾಡಿ ವಿಷಯ. ಮತ್ತೆ ಹೇಳುತ್ತೇನೆ, ಗಟ್ಟಿ ಮಾಡಿಸುವ ಮೊದಲು ಸಡಿಲ ಆಗಿರುವುದನ್ನು ನೋಡಿಸು. ಆ ಒಂದೂವರೆ ಲಕ್ಷ ಕೊಡಬೇಡ. ಅವನ ಗಾಡಿಯ ಹಿಂದಿನ ಆಕ್ಸಲ್‌ನಲ್ಲಿ ಕಂಪನಿಯಿಂದಲೇ ಲಾಕ್ ಆಗುವ ಡಿಫರೆನ್ಶಿಯಲ್ (ಎಡ ಬಲ ಚಕ್ರಗಳಿಗೆ ಎಳೆತ ಹಂಚುವ ಗೇರು), ಅಂದರೆ ಲಾಕರ್, ಬಂದಿದೆ ಅಂತ ಅವನೇ ನನಗೆ ತೋರಿಸಿದ್ದ. ಮನಾಲಿಯಿಂದ ಲೇಹ್‌ಗೆ ಹೋಗುವುದು ಲಾರಿಗಳು ಓಡುವ ರಸ್ತೆ, ಬಂಡೆ ಹತ್ತುವ ಪಂದ್ಯ ಅಲ್ಲ. ಆದರೆ ಒಂದು ಕಡೆಗೇ 3,000 ಕಿಲೋಮೀಟರ್ ಮೇಲೆ ಆಗುತ್ತದೆ. ಕೀಲಾಂಗ್ ದಾಟಿದ ಮೇಲೆ ಮೆಕ್ಯಾನಿಕ್ ಸಿಗುವುದು ಕಷ್ಟ.

ಅವನು ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ತಿರುಗಿಸಿ ಮುಂದುಗಡೆ ಎತ್ತರ ಮಾಡಿಸಿದ್ದಾನಲ್ಲ, ದೊಡ್ಡ ಟೈರ್ ಬೇರೆ. ನನಗೆ ಭಯ ಅದರದ್ದೇ. ಎತ್ತರ ಜಾಸ್ತಿ ಆದಷ್ಟೂ ಮುಂದಿನ ಆಕ್ಸಲಿನ ಜಾಯಿಂಟು ಓರೆಯಾಗಿ ತಿರುಗುತ್ತದೆ, ಬೇಗ ಸವೆಯುತ್ತದೆ, ರಬ್ಬರ್ ಬೂಟು ಹರಿಯುತ್ತದೆ. ಬೂಟು ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಟೈರ್ ದೊಡ್ಡದಾದರೆ ಆಕ್ಸಲ್ ಒಳಗಿನ ಹಲ್ಲಿನ ಚಕ್ರಗಳಾದ ಕ್ರೌನ್ ಪಿನಿಯನ್ನಿಗೂ ಕ್ಲಚ್ಚಿಗೂ ಭಾರ. ಎತ್ತರ ಮೊದಲಿದ್ದಷ್ಟಕ್ಕೇ ಇಳಿಸಿ, ಹಳೆ ಅಳತೆಯ ಟೈರನ್ನೇ ಹಾಕಿಕೊಂಡು ಹೋಗಲಿ. ನಿಜವಾಗಿ ಗಟ್ಟಿ ಮಾಡುವುದು ಅಂದರೆ ಇದೇ.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳನ್ನೆಲ್ಲ ಹೊಸದು ಹಾಕಿಸಲಿ, ಚೆನ್ನಾಗಿದೆ ಅಂದರೂ ಹಾಕಿಸಲಿ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಭಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿಸಬೇಕು. ಅದೇ ಗುರುತಿಗೆ ಕೂರಿಸದಿದ್ದರೆ ಗಾಡಿ ನಡುಗುತ್ತದೆ, ಹೊಸ ಕ್ರಾಸೂ ಹೋಗುತ್ತದೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಶಿಯಲ್, ಎಲ್ಲದರ ಆಯಿಲ್ ಬದಲಾಯಿಸಲಿ. ತುಂಬುವ ಬೋಲ್ಟ್ ಮೊದಲು ಬಿಚ್ಚಿ ನೋಡಿ, ಆಮೇಲೆ ಖಾಲಿ ಮಾಡುವ ಬೋಲ್ಟ್ ಬಿಚ್ಚಬೇಕು. ತುಂಬುವುದೇ ಜಾಮ್ ಆಗಿದ್ದರೆ ಆಯಿಲ್ ಇಲ್ಲದೆ ಕೂರಬೇಕಾಗುತ್ತದೆ. ಡಿಫರೆನ್ಶಿಯಲ್ ಆಯಿಲ್ಲನ್ನೇ ಗೇರ್‌ಬಾಕ್ಸಿಗೂ ಸುರಿಯಲು ಬಿಡಬೇಡ. ಕೆಲವು ಆಯಿಲ್ ಒಳಗಿನ ಹಿತ್ತಾಳೆ ರಿಂಗನ್ನು ತಿನ್ನುತ್ತದೆ. ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದೇ ಹಾಕಲಿ. ಹಳೆ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ ಅರ್ಥ. ಕಬ್ಬಿಣದ ಚೂರು ಬಂದರೆ ನನಗೆ ಫೋಟೋ ಕಳಿಸಲಿ.

ಇನ್ನೊಂದು, ಆಕ್ಸಲ್ ಮೇಲೆ ಉಸಿರಾಡುವ ಸಣ್ಣ ಬ್ರೀದರ್ ಇರುತ್ತದೆ. ಮಣ್ಣು ಕಟ್ಟಿಕೊಂಡಿದ್ದರೆ ಬಿಡಿಸಿ, ಒಂದು ಪೈಪ್ ಹಾಕಿ ಮೇಲಕ್ಕೆ ಕಟ್ಟಿಸಲಿ. ಅಲ್ಲಿ ಹಿಮ ಕರಗಿದ ನೀರು ರಸ್ತೆ ಮೇಲೇ ಹರಿಯುತ್ತದೆ. ಬಿಸಿಯಾದ ಆಕ್ಸಲ್ ಆ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಬೆಳಿಗ್ಗೆಯೇ ದಾಟಲಿ. ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬಾರದು ಅಂತಲೂ ಹೇಳು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರ ಒಂದನ್ನೊಂದು ಎಳೆದಾಡಿ ಆ ಭಾರವೆಲ್ಲ ಟ್ರಾನ್ಸ್‌ಫರ್ ಕೇಸ್ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಮಾಡಿಸಿ ಹೊರಡುವ ಮೊದಲು 500 ಕಿಲೋಮೀಟರ್ ಆದರೂ ಇಲ್ಲೇ ಓಡಿಸಲಿ. ಶಿರಾಡಿ ಇಳಿದು ಚಾರ್ಮಾಡಿ ಹತ್ತಲಿ, ಬಂದು ಬೋಲ್ಟ್ ಎಲ್ಲ ಮತ್ತೆ ಬಿಗಿ ಮಾಡಿಸಲಿ. ಜೊತೆಗೆ ಎರಡು ಕ್ರಾಸ್, ಅದನ್ನು ಹಿಡಿದಿಡುವ ಸರ್ಕ್ಲಿಪ್, ಒಂದು ಸೀಲ್, ಎರಡು ಲೀಟರ್ ಗೇರ್ ಆಯಿಲ್ ಇಟ್ಟುಕೊಳ್ಳಲಿ.

ಭಾನುವಾರ ಹುಡುಗನನ್ನು ಗಾಡಿ ಸಮೇತ ಇಲ್ಲಿಗೆ ಕಳಿಸು. ನಾನೇ ಕೆಳಗೆ ಮಲಗಿ ಕ್ರಾಸ್ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಟೈರಿಗೆ ಕೊಡುವುದಕ್ಕೆ ಹಲಸಿನ ಮರದ ಎರಡು ತುಂಡು ಓರೆಯಾಗಿ ಕೊಯ್ಯಿಸಿ ಇಟ್ಟಿದ್ದೇನೆ, ಅವನ್ನೂ ತೆಗೆದುಕೊಂಡು ಹೋಗಲಿ. ಊಟಕ್ಕೆ ಇಲ್ಲೇ ಇರಲಿ ಅಂತ ನಿಮ್ಮತ್ತೆ ಹೇಳುತ್ತಿದ್ದಾಳೆ.